ಅಪ್ಪ-ಅಮ್ಮನ ಅಮೆರಿಕ ಟಿಕೆಟ್: ಮೈಲ್ಸ್ ಹಾಕಿ ಬಿಸಿನೆಸ್ ಕ್ಲಾಸ್ ಮಾಡಿಸೋದು ಹೇಗೆ?

ಗೋಣಿಬೀಡು_ಅರೇಬಿಕಾ

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಮೂಡಿಗೆರೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ತಂಗಿ ಮನೆಗೆ ಹೋಗೋರಿದ್ದಾರೆ. ವೀಸಾ ಇದೆ, ಟಿಕೆಟ್ ಇನ್ನೂ ತಗೊಂಡಿಲ್ಲ. ಅಮ್ಮನಿಗೆ ಮಂಡಿ ನೋವು, ಗಂಟೆಗಟ್ಟಲೆ ಕಾಲು ಮಡಚಿ ಕೂರೋದು ಕಷ್ಟ. ಕೊಯ್ಲು ಮುಗಿದು, ಕಣದಲ್ಲಿ ಕಾಫಿ ಒಣಗಿ, ಚೀಲ ಕಟ್ಟೋ ಹೊತ್ತಿಗೆ ಫೆಬ್ರವರಿ ಕೊನೆ ಆಗುತ್ತೆ. ಮಳೆ ಹಿಡಿಯೋ ಮುಂಚೆ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಸೋಕೆ ಅಪ್ಪ ತೋಟದಲ್ಲಿರಲೇಬೇಕಂತೆ. ಹಾಗಾಗಿ ಮೇ ಮಧ್ಯಕ್ಕೆ ವಾಪಸ್.

ಪೂರ್ತಿ ದುಡ್ಡು ಕೊಟ್ಟು ಬಿಸಿನೆಸ್ ಕ್ಲಾಸ್ ಕೊಳ್ಳೋದು ನಮ್ಮ ಕೈಲಾಗಲ್ಲ. ನನ್ನ ಕ್ರೆಡಿಟ್ ಕಾರ್ಡಲ್ಲಿ 1,50,000 ಪಾಯಿಂಟ್ ಇದೆ, ಏರ್‌ಲೈನ್‌ಗೆ 2 ಪಾಯಿಂಟಿಗೆ 1 ಮೈಲ್ (ಏರ್‌ಲೈನ್‌ನವರ ಪಾಯಿಂಟ್) ಲೆಕ್ಕದಲ್ಲಿ ವರ್ಗ ಮಾಡಬಹುದು. ತಂಗಿಯ ಸಿಂಗಪುರ್ ಏರ್‌ಲೈನ್ಸ್ ಕ್ರಿಸ್‌ಫ್ಲೈಯರ್ ಖಾತೆಯಲ್ಲಿ 60,000 ಮೈಲ್ಸ್ ಇದೆ. ಹಾಸನದ ಒಬ್ಬ ಏಜೆಂಟ್ "ಈಗ ಎಕಾನಮಿಲಿ ಎಲ್ಲಕ್ಕಿಂತ ಕಡಿಮೆದು ತಗೊಳ್ಳಿ, ಆಮೇಲೆ ಮೈಲ್ಸ್ ಹಾಕಿದ್ರಾಯ್ತು" ಅಂತಿದ್ದಾರೆ. ಇದು ಸರಿನಾ? ನಮ್ಮ ಮೈಲ್ಸ್ ಅಪ್ಪ-ಅಮ್ಮನಿಗೆ ಬಳಸೋಕಾಗುತ್ತಾ? ನಂದೂ ತಂಗಿದೂ ಸೇರಿಸಬಹುದಾ? ನಾಲ್ಕು ಪ್ರಯಾಣಕ್ಕೂ ಸಾಲಲ್ಲ ಅಂದ್ರೆ ಯಾವುದಕ್ಕೆ ಹಾಕೋದು?

ಕ್ಯಾಬಿನ್_ಲೆಕ್ಕ

ಆ ಏಜೆಂಟ್ ಮಾತು ಕೇಳಿ ದಯವಿಟ್ಟು ದುಡ್ಡು ಕಟ್ಟಬೇಡಿ. ಅಪ್‌ಗ್ರೇಡ್ ಆಗುತ್ತೋ ಇಲ್ಲವೋ ಅನ್ನೋದು ಎಕಾನಮಿ ಟಿಕೆಟ್ ಕೊಳ್ಳುವಾಗಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ. ಕಡಿಮೆ ಬೆಲೆಯ ಎಕಾನಮಿಯನ್ನ ಹೆಚ್ಚಿನ ಕಂಪನಿಗಳು ಮೈಲ್ಸ್ ಅಪ್‌ಗ್ರೇಡಿನಿಂದ ಹೊರಗೇ ಇಟ್ಟಿವೆ. ಒಮ್ಮೆ ಆ ಟಿಕೆಟ್ ತಗೊಂಡ ಮೇಲೆ ಖಾತೆಯಲ್ಲಿ ಐದು ಲಕ್ಷ ಮೈಲ್ಸ್ ಇದ್ದರೂ ಪ್ರಯೋಜನ ಇಲ್ಲ.

ಎಕಾನಮಿ ಅಂದರೆ ಒಂದೇ ಬೆಲೆ ಅಲ್ಲ. ಒಂದೇ ಸಾಲಿನಲ್ಲಿ ಕೂತ ಮೂವರು ಮೂರು ಬೇರೆ ಬುಕಿಂಗ್ ಕ್ಲಾಸಿನಲ್ಲಿ ಕೊಂಡಿರಬಹುದು. ಪ್ರತಿ ಕ್ಲಾಸಿಗೂ ಒಂದು ಅಕ್ಷರ ಇರುತ್ತೆ, ಆ ಅಕ್ಷರದ ಮೇಲೆ ನಿಯಮ ನಿಂತಿರುತ್ತೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಕ್ಯೂ, ಓ, ಜಿ ಅಕ್ಷರದ ಅಗ್ಗದ ಎಕಾನಮಿಗೆ ಏವಿಯೋಸ್ (ಅವರ ಮೈಲ್ಸಿನ ಹೆಸರು) ಹಾಕಿ ಮೇಲೇರೋಕಾಗಲ್ಲ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಎಕಾನಮಿ ಲೈಟ್ ಅನ್ನೋ ದರಕ್ಕೆ ಅಪ್‌ಗ್ರೇಡ್ ಇಲ್ಲ. ಇನ್ನು ಸ್ಟಾರ್ ಅಲಯನ್ಸ್ ಅನ್ನೋ ಏರ್‌ಲೈನ್‌ಗಳ ಒಕ್ಕೂಟದಲ್ಲಿ ಒಂದು ಕಂಪನಿಯ ಮೈಲ್ಸ್‌ನಿಂದ ಇನ್ನೊಂದು ಕಂಪನಿಯ ವಿಮಾನದಲ್ಲಿ ಮಾಡಿಸೋ ಅಪ್‌ಗ್ರೇಡ್ ಇದೆಯಲ್ಲ, ಅದಕ್ಕೆ ಸಾಮಾನ್ಯವಾಗಿ ವೈ, ಬಿ, ಎಂ ಅಕ್ಷರದ ದುಬಾರಿ ಎಕಾನಮಿಯೇ ಬೇಕು. ಆ ದರ ಎಷ್ಟೋ ಸಲ ರಿಯಾಯಿತಿಯ ಬಿಸಿನೆಸ್ ದರದ ಹತ್ತಿರಕ್ಕೇ ಹೋಗಿರುತ್ತೆ. ಅಂಥಾ ಕಡೆ ಅಪ್‌ಗ್ರೇಡ್ ಅನ್ನೋದಕ್ಕೆ ಅರ್ಥವೇ ಇಲ್ಲ.

ಎರಡನೇ ಅಡ್ಡಿ ಇದಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು: ಮೈಲ್ಸ್ ಹಾಕಿದರೆ ಬಹುಪಾಲು ಒಂದೇ ಮೆಟ್ಟಿಲು ಏರೋದು. ವಿಮಾನದಲ್ಲಿ ಪ್ರೀಮಿಯಂ ಎಕಾನಮಿ (ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ಕ್ಲಾಸ್) ಇದ್ದರೆ ಎಕಾನಮಿಯಿಂದ ಅಲ್ಲಿಗೆ ಮಾತ್ರ, ಬಿಸಿನೆಸ್‌ಗೆ ಅಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲೂ ಸಿಂಗಪುರ್‌ನಲ್ಲೂ ಹೀಗೇ. ಬಿಸಿನೆಸ್‌ನಲ್ಲೇ ಮಲಗಿಸಿ ಕಳಿಸಬೇಕು ಅಂದ್ರೆ ಪ್ರೀಮಿಯಂ ಎಕಾನಮಿ ಟಿಕೆಟ್ ಕೊಂಡು ಅಲ್ಲಿಂದ ಏರಿಸಬೇಕು. ಸ್ವಲ್ಪ ಹೆಚ್ಚು ಖರ್ಚು, ಆದರೆ ಅದರಲ್ಲೊಂದು ಧೈರ್ಯ ಇದೆ. ಅಪ್‌ಗ್ರೇಡ್ ಸಿಗದೇ ಹೋದರೂ ಅಮ್ಮನ ಮಂಡಿಗೆ ಎಕಾನಮಿಗಿಂತ ಹೆಚ್ಚು ಜಾಗ ಸಿಕ್ಕೇ ಸಿಗುತ್ತೆ. ಮಂಡಿ ನೋವಿನ ವಯಸ್ಸಾದವರಿಗೆ ನಾನು ಯಾವಾಗಲೂ ಹೇಳೋದು ಇದೇ ದಾರಿ.

ಮೂರನೆಯದು ಸೀಟು. ಬಿಸಿನೆಸ್ ಕ್ಯಾಬಿನ್ನಲ್ಲಿ ಹತ್ತು ಸೀಟು ಖಾಲಿ ಕಂಡರೆ ಹತ್ತೂ ಅಪ್‌ಗ್ರೇಡಿಗೆ ಸಿಗುತ್ತೆ ಅಂತಲ್ಲ. ಮೈಲ್ಸ್‌ಗೆ ಅಂತ ಕಂಪನಿ ಬೇರೆ ಒಂದು ಖಾನೆ ಇಟ್ಟಿರುತ್ತೆ. ಸ್ಟಾರ್ ಅಲಯನ್ಸ್ ಕಂಪನಿಗಳಲ್ಲಿ ಅದು ಸಾಮಾನ್ಯವಾಗಿ ಐ ಅಕ್ಷರ. ಆ ಖಾನೆಯಲ್ಲಿ ಇದ್ದರೆ ತಕ್ಷಣ ಖಚಿತ, ಇಲ್ಲದಿದ್ದರೆ ವೇಟ್‌ಲಿಸ್ಟ್. ಸೀಟ್ ಮ್ಯಾಪ್ ನೋಡಿ ಲೆಕ್ಕ ಹಾಕೋದು ಬೇಡ.

ಬಿಎಂ_ರೋಡ್_ಟಿಕೆಟಿಂಗ್

ಮೇಲಿನವರು ಹೇಳಿದ್ದು ಸರಿ. ಟಿಕೆಟಿಂಗ್ ಕಡೆಯಿಂದ ನಾಲ್ಕು ಮಾತು ಸೇರಿಸ್ತೀನಿ. ಏಜೆಂಟರ ಹತ್ರ ಕೊಳ್ಳೋದು ತಪ್ಪಲ್ಲ, ಆದರೆ ಕೇಳೋದನ್ನ ಕೇಳಿಸ್ಕೊಂಡು ಕೊಳ್ಳಿ ಸರ್.

ದುಡ್ಡು ಕಟ್ಟೋ ಮುಂಚೆ "ಫೇರ್ ಬೇಸಿಸ್ ಕೋಡ್ ಕಳಿಸಿ" ಅನ್ನಿ. ಅಕ್ಷರ-ಅಂಕಿ ಸೇರಿದ ಒಂದು ಉದ್ದದ ಕೋಡ್ ಬರುತ್ತೆ, ಅದರ ಮೊದಲ ಅಕ್ಷರ ಸಾಮಾನ್ಯವಾಗಿ ಬುಕಿಂಗ್ ಕ್ಲಾಸ್. ಹೋಗೋದಕ್ಕೊಂದು ಬರೋದಕ್ಕೊಂದು ಬೇರೆ ಇರಬಹುದು, ಎರಡೂ ಕೇಳಿ. "ಗ್ರೂಪ್ ಫೇರ್", "ನೆಟ್ ಫೇರ್", "ಸೀರೀಸ್" ಅಂದ್ರೆ ಅಪ್‌ಗ್ರೇಡ್ ಆಸೆ ಬಿಡಿ. ನಮ್ಮ ಕಡೆ ಬೇಸಿಗೆಗೆ ಅಮೆರಿಕಕ್ಕೆ ಹೋಗೋ ಹಿರಿಯರಿಗೆ ಕಡಿಮೆ ಬೆಲೆಗೆ ಸಿಗೋದು ಹೆಚ್ಚಾಗಿ ಇಂಥವೇ. ಬೆಲೆ ಚೆನ್ನಾಗಿರುತ್ತೆ, ಕೈ ಕಟ್ಟಿಹಾಕುತ್ತೆ.

ಟಿಕೆಟ್ ಆದ ಮೇಲೆ ನಿಮ್ಮ ಕೈಯಲ್ಲಿ ಎರಡು ಇರಬೇಕು. ಒಂದು, 13 ಅಂಕಿಯ ಇ-ಟಿಕೆಟ್ ನಂಬರ್. ಮೊದಲ ಮೂರು ಅಂಕಿ ನೋಡಿದರೆ ಟಿಕೆಟ್ ಯಾರ ಹೆಸರಲ್ಲಿ ಹೊರಟಿದೆ ಅಂತ ಗೊತ್ತಾಗುತ್ತೆ: ಏರ್ ಇಂಡಿಯಾ 098, ಸಿಂಗಪುರ್ 618, ಲುಫ್ತಾನ್ಸಾ 220, ಬ್ರಿಟಿಷ್ ಏರ್‌ವೇಸ್ 125, ಎಮಿರೇಟ್ಸ್ 176, ಕತಾರ್ 157. ಎರಡು, ಏರ್‌ಲೈನ್‌ನ ಆರು ಅಕ್ಷರದ ಪಿಎನ್‌ಆರ್. ಏಜೆಂಟರ ಸಿಸ್ಟಮ್ ಕೊಡೋ ಪಿಎನ್‌ಆರ್ ಬೇರೆ, ಏರ್‌ಲೈನ್‌ನದ್ದು ಬೇರೆ ಆಗಿರಬಹುದು. ಏಜೆಂಟರದ್ದನ್ನ ಏರ್‌ಲೈನ್ ಸೈಟಿಗೆ ಹಾಕಿದರೆ "ಬುಕಿಂಗ್ ಇಲ್ಲ" ಅಂತ ಬರುತ್ತೆ, ಮನೆಯವರು ಗಾಬರಿ ಆಗ್ತಾರೆ.

ಕೋಡ್‌ಶೇರ್ ಬಗ್ಗೆ ಎಚ್ಚರ. ಟಿಕೆಟ್ ಮೇಲೆ ಒಂದು ಕಂಪನಿಯ ನಂಬರ್ ಇದ್ದು ಹಾರಿಸೋದು ಇನ್ನೊಂದು ಕಂಪನಿ ಆದ್ರೆ ಮೈಲ್ಸ್ ಅಪ್‌ಗ್ರೇಡ್ ಬಹುತೇಕ ಆಗಲ್ಲ. ಟಿಕೆಟ್ ಕೊಟ್ಟವರು, ನಂಬರ್ ಹಾಕಿದವರು, ಹಾರಿಸುವವರು ಮೂವರೂ ಒಬ್ಬರೇ ಆಗಿರಲಿ.

ಹೆಸರಿನ ವಿಷಯ ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ತೊಂದರೆ ಕೊಡೋದು. ಬ್ಯಾಂಕಲ್ಲಿ ಊರು, ತಂದೆ ಹೆಸರಿನ ಇನಿಷಿಯಲ್ ಮುಂದೆ ಇರುತ್ತೆ, ಪಾಸ್‌ಪೋರ್ಟಲ್ಲಿ ಅದೇ ಬಿಡಿಸಿ ಹಿಂದೆ ಬಂದಿರುತ್ತೆ, ಕೆಲವರಿಗೆ ಸರ್‌ನೇಮ್ ಜಾಗ ಖಾಲಿಯೇ ಇರುತ್ತೆ. ಸರ್‌ನೇಮ್ ಖಾಲಿ ಇದ್ದವರ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಕಡೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತೆ. ಟಿಕೆಟ್ ಯಾವ ರೂಪದಲ್ಲಿ ಇರಬೇಕು ಅಂತ ಆ ಏರ್‌ಲೈನ್‌ನವರನ್ನೇ ಕೇಳಿ. ಅದೇ ರೂಪದಲ್ಲಿ ಮೈಲ್ಸ್ ಖಾತೆಯ ನಾಮಿನಿ ಪಟ್ಟಿಗೂ (ಆ ಖಾತೆಯ ಮೈಲ್ಸ್ ಯಾರಿಗೆ ಖರ್ಚು ಮಾಡಬಹುದೋ ಅವರ ಪಟ್ಟಿ) ಸೇರಿಸಿ. ಪಟ್ಟಿಯ ಹೆಸರು ಟಿಕೆಟಿಗೆ ಕೂಡದೇ ಹೋದರೆ ಸೈಟ್ ಅಪ್‌ಗ್ರೇಡ್ ತಗೊಳ್ಳಲ್ಲ, ಕಾಲ್ ಸೆಂಟರ್‌ನಲ್ಲಿ ದಿನಗಟ್ಟಲೆ ಎಳೆಯುತ್ತೆ.

ಪಾಯಿಂಟ್ಸ್_ಪುಸ್ತಕ

ಮೈಲ್ಸ್ ಸೇರಿಸೋ ಪ್ರಶ್ನೆಗೆ ಉತ್ತರ. ನಿಮ್ಮ ಪಾಯಿಂಟ್ ತಂಗಿಯ ಕ್ರಿಸ್‌ಫ್ಲೈಯರ್ ಖಾತೆಗೆ ಹೋಗಲ್ಲ. ಬ್ಯಾಂಕ್‌ನವರು ಕಾರ್ಡ್‌ದಾರನ ಹೆಸರಿನ ಏರ್‌ಲೈನ್ ಖಾತೆಗೆ ಮಾತ್ರ ವರ್ಗ ಮಾಡೋದು. ಕ್ರಿಸ್‌ಫ್ಲೈಯರ್‌ನಲ್ಲಿ ಕುಟುಂಬದವರ ಮೈಲ್ಸ್ ಒಟ್ಟಿಗೆ ಹಾಕೋ ವ್ಯವಸ್ಥೆಯೂ ಇಲ್ಲ. ಆದರೆ 5 ಜನ ನಾಮಿನಿಗಳನ್ನ ಇಟ್ಕೋಬಹುದು, ಅವರಿಗೋಸ್ಕರ ನಿಮ್ಮ ಮೈಲ್ಸ್ ಖರ್ಚು ಮಾಡಬಹುದು. ಎಮಿರೇಟ್ಸ್‌ನಲ್ಲಿ ಮೈ ಫ್ಯಾಮಿಲಿ ಅಂತ ಇದೆ, ಅಲ್ಲಿ ಮನೆಯವರು ಮೈಲ್ಸ್ ಒಂದೇ ಕಡೆ ಕೂಡಿಡಬಹುದು.

ನಿಮ್ಮ ಸ್ಥಿತಿಗೆ ಒಂದು ದಾರಿ ಕಾಣ್ತಿದೆ. ತಂಗಿ ಖಾತೆಯಿಂದ ಒಬ್ಬರಿಗೆ, ನಿಮ್ಮ ಹೆಸರಲ್ಲಿ ಹೊಸ ಕ್ರಿಸ್‌ಫ್ಲೈಯರ್ ಖಾತೆ ತೆಗೆದು ಅದರಿಂದ ಇನ್ನೊಬ್ಬರಿಗೆ. ಇಬ್ಬರೂ ಒಂದೇ ಟಿಕೆಟಲ್ಲಿ ಇರಬೇಕು ಅಂತೇನಿಲ್ಲ. ಎರಡು ಖಾತೆ, ಎರಡು ಪಿಎನ್‌ಆರ್, ಒಂದೇ ವಿಮಾನ. ಒಂದೇ ಪಿಎನ್‌ಆರ್‌ನಲ್ಲಿ ಇಬ್ಬರನ್ನೂ ಹಾಕಿ ಎರಡು ಖಾತೆಯಿಂದ ಮೈಲ್ಸ್ ಕಡಿಸೋಕೆ ಹೋದರೆ ಫೋನಲ್ಲಿ ಪಿಎನ್‌ಆರ್ ಒಡೆಸಬೇಕಾಗುತ್ತೆ. ಅದಕ್ಕಿಂತ ಮೊದಲೇ ಬೇರೆ ಮಾಡೋದು ವಾಸಿ. ಎರಡರಲ್ಲೂ ಒಂದರ ನಂಬರ್ ಇನ್ನೊಂದರಲ್ಲಿ ಬರೆಸಿ, ವಿಮಾನ ರದ್ದಾದರೆ ಇಬ್ಬರನ್ನೂ ಒಂದೇ ಕಡೆ ಕಳಿಸಲಿ ಅಂತ.

ಸೀಟು ಕಣ್ಣಿಗೆ ಕಾಣೋವರೆಗೆ ಬ್ಯಾಂಕ್ ಪಾಯಿಂಟ್ ಮುಟ್ಟಬೇಡಿ. ಏರ್‌ಲೈನ್‌ಗೆ ಹೋದ ಪಾಯಿಂಟ್ ವಾಪಸ್ ಬರಲ್ಲ. ಅಲ್ಲಿ ಅವಧಿ ಶುರುವಾಗುತ್ತೆ, ಕ್ರಿಸ್‌ಫ್ಲೈಯರ್‌ನಲ್ಲಿ 36 ತಿಂಗಳು. ಬ್ಯಾಂಕಲ್ಲಿದ್ದಾಗ ಹತ್ತಾರು ಕಡೆ ಹೋಗಬಹುದಾದದ್ದು, ಹೋದ ಮೇಲೆ ಒಂದೇ ಕಡೆಯದ್ದಾಗುತ್ತೆ. ವರ್ಗಾವಣೆ ಕೆಲವೊಮ್ಮೆ ನಿಮಿಷದಲ್ಲಿ ಆಗುತ್ತೆ, ಕೆಲವೊಮ್ಮೆ ಮೂರ್ನಾಲ್ಕು ದಿನ. ಹಾಗಾಗಿ ಇವತ್ತೇ ಏರ್‌ಲೈನ್ ಖಾತೆ ತೆಗೆದು, ಹೆಸರು ಹೊಂದಿಸಿ, ಬ್ಯಾಂಕ್ ಸೈಟಲ್ಲಿ ಜೋಡಿಸಿಡಿ. ಬ್ಯಾಂಕ್ ಅವಕಾಶ ಕೊಟ್ಟರೆ ಅತಿ ಕಡಿಮೆ ಮೊತ್ತ ಒಮ್ಮೆ ಕಳಿಸಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡಿಕೊಳ್ಳಿ. ಕೆಲವು ಕಾರ್ಡುಗಳಲ್ಲಿ ವರ್ಷಕ್ಕೆ ಇಷ್ಟೇ ಪಾಯಿಂಟ್ ವರ್ಗ ಮಾಡಬೇಕು ಅಂತ ಮಿತಿ ಇದೆ, ಅದನ್ನೂ ಮೊದಲೇ ಓದಿ.

ಲೆಕ್ಕ ಹೀಗೆ ಹಾಕಿ. ಒಂದು ಕಡೆಯ ಪ್ರಯಾಣಕ್ಕೆ ನೀವು ಕೊಳ್ಳೋ ಟಿಕೆಟಿಗೂ ಬಿಸಿನೆಸ್‌ಗೂ ದುಡ್ಡಿನಲ್ಲಿ 1,60,000 ರೂಪಾಯಿ ವ್ಯತ್ಯಾಸ, ಬೇಕಾದ ಮೈಲ್ಸ್ 60,000 ಅಂತ ಇಟ್ಕೊಳ್ಳೋಣ, ಬರೀ ಉದಾಹರಣೆಗೆ. ಅಪ್‌ಗ್ರೇಡಿಗೆ ಒಪ್ಪೋ ದರ ತಗೊಳ್ಳೋಕೆ 18,000 ಹೆಚ್ಚು ಕೊಟ್ಟಿರಿ, ತೆರಿಗೆ ಮತ್ತು ಸರ್‌ಚಾರ್ಜ್ ವ್ಯತ್ಯಾಸ 12,000. ಇವೆರಡೂ ಕಳೆದರೆ 1,30,000. ಅದನ್ನ 60,000ದಿಂದ ಭಾಗಿಸಿದರೆ ಮೈಲಿಗೆ 2 ರೂಪಾಯಿ 17 ಪೈಸೆ. ನಿಮ್ಮದು 2ಕ್ಕೆ 1 ಆದ್ದರಿಂದ ಬ್ಯಾಂಕ್ ಪಾಯಿಂಟಿಗೆ 1 ರೂಪಾಯಿ 8 ಪೈಸೆ ಬಿತ್ತು. ಅದೇ ಪಾಯಿಂಟನ್ನ ಬ್ಯಾಂಕ್ ಪೋರ್ಟಲಲ್ಲಿ ಎಕಾನಮಿ ಟಿಕೆಟಿಗೆ ಬಳಸಿದರೆ ಎಷ್ಟು ಕೊಡ್ತಾರೆ ನೋಡಿ ಹೋಲಿಸಿ. 18,000 ಲೆಕ್ಕಕ್ಕೆ ಹಿಡಿಯದೆ "ಒಳ್ಳೇ ಬೆಲೆ ಬಂತು" ಅಂದ್ಕೊಳ್ಳೋರು ಬಹಳ.

ಇನ್ನೊಂದು. ಅಪ್‌ಗ್ರೇಡ್ ಒಂದನ್ನೇ ನೋಡಬೇಡಿ, ಪೂರ್ತಿ ಮೈಲ್ಸ್‌ನಲ್ಲೇ ಒಂದು ಕಡೆಯ ಬಿಸಿನೆಸ್ ಟಿಕೆಟ್ ಎಷ್ಟಾಗುತ್ತೆ ಅಂತಲೂ ನೋಡಿ. ಮೈಲ್ಸ್ ಹೆಚ್ಚು ಬೇಕು, ಆದರೆ ನಗದು ಟಿಕೆಟ್ ಕೊಳ್ಳೋದು ಉಳಿಯುತ್ತೆ, ರದ್ದು ಮಾಡಿದರೆ ಸಾಮಾನ್ಯವಾಗಿ ಸ್ವಲ್ಪ ಶುಲ್ಕ ಕಟ್ಟಿ ಮೈಲ್ಸ್ ವಾಪಸ್ ಬರುತ್ತೆ. ಹಿರಿಯರ ಆರೋಗ್ಯ ಅಂದ್ಮೇಲೆ ಆ ಅನುಕೂಲಕ್ಕೆ ಬೆಲೆ ಇದೆ. ನಾನಾದರೆ ಮೊದಲು ಇದನ್ನೇ ನೋಡ್ತೀನಿ.

ಹೇಮಾವತಿ_ಹಿನ್ನೀರು

ಪಾಯಿಂಟ್ಸ್ ಪುಸ್ತಕದವರ ಕೊನೇ ಮಾತು ಒಪ್ಪೋದು ಕಷ್ಟ. ಇವರ ಹತ್ರ ಇರೋದು ಒಟ್ಟು 1,35,000 ಮೈಲ್ಸ್, ಅದೂ ಎರಡು ಖಾತೆಯಲ್ಲಿ ಹರಿದು ಹಂಚಿದ್ದು. ಇಬ್ಬರಿಗೆ ಅಮೆರಿಕದವರೆಗೆ ಪೂರ್ತಿ ಬಿಸಿನೆಸ್ ಮೈಲ್ಸ್ ಟಿಕೆಟಿಗೆ ಇದು ಸಾಲಲ್ಲ. ಮೈಲ್ಸ್ ಟಿಕೆಟ್ ವೇಟ್‌ಲಿಸ್ಟಲ್ಲಿ ನಿಂತರೆ ಕೈಯಲ್ಲಿ ಏನೂ ಇಲ್ಲ, ಫೆಬ್ರವರಿ ಹತ್ತಿರ ಬಂದಾಗ ಎಕಾನಮಿಯೂ ದುಬಾರಿ ಆಗಿರುತ್ತೆ. ಅಪ್‌ಗ್ರೇಡ್ ವೇಟ್‌ಲಿಸ್ಟಲ್ಲಿ ಸೀಟಂತೂ ಖಚಿತ ಇರುತ್ತೆ, ಆಗದಿದ್ದರೆ ಕೊಂಡ ಕ್ಲಾಸಲ್ಲೇ ಹೋಗ್ತಾರೆ.

ಯಾವ ಹಾರಾಟಕ್ಕೆ ಹಾಕಬೇಕು ಅನ್ನೋದಕ್ಕೆ ನನ್ನ ಉತ್ತರ: ಉದ್ದದ್ದಕ್ಕೆ ಮಾತ್ರ. ಬೆಂಗಳೂರಿಂದ ಸಿಂಗಪುರ ನಾಲ್ಕೂವರೆ ಗಂಟೆ ಆಸುಪಾಸು, ದುಬೈ ನಾಲ್ಕು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಹದಿನೈದು-ಹದಿನಾರು ಗಂಟೆ. ಮೊದಲ ತುಂಡಿಗೆ ಮೈಲ್ಸ್ ಹಾಕೋದು ದಂಡ. ಊಟ ಕೊಟ್ಟು ತಟ್ಟೆ ಎತ್ತೋ ಹೊತ್ತಿಗೆ ಇಳಿಯೋಕೆ ಬಂದಿರುತ್ತೆ. ಯುರೋಪ್ ಮೇಲೆ ಹೋದರೆ ಲೆಕ್ಕ ಬದಲಾಗುತ್ತೆ. ಫ್ರಾಂಕ್‌ಫರ್ಟ್‌ವರೆಗೆ ಒಂಬತ್ತು-ಹತ್ತು ಗಂಟೆ, ಮುಂದೆ ಹನ್ನೊಂದು ಗಂಟೆ ಮೇಲೆ. ಎರಡೂ ಉದ್ದವೇ, ಎರಡಕ್ಕೂ ಮೈಲ್ಸ್ ಬೇಕು. ಕಡಿಮೆ ಮೈಲ್ಸ್ ಇದ್ದವರಿಗೆ ಒಂದು ಚಿಕ್ಕದು, ಒಂದು ಬಲು ಉದ್ದದ್ದು ಅನ್ನೋ ದಾರಿಯೇ ಲಾಭ. ಹೀಗೆ ಒಂದು ತುಂಡಿಗೆ ಮಾತ್ರ ಹಾಕೋಕೆ ಕಂಪನಿ ಬಿಡುತ್ತಾ, ತುಂಡು ತುಂಡಾಗಿ ಮೈಲ್ಸ್ ಲೆಕ್ಕ ಹಾಕ್ತಾರಾ ಅಂತ ಬುಕ್ ಮಾಡೋ ಮುಂಚೆ ಖಚಿತ ಮಾಡ್ಕೊಳ್ಳಿ.

ಲಂಡನ್ ಮೇಲೆ ಯೋಚನೆ ಇದ್ದರೆ ಒಂದು ವಿಷಯ. ಒಂದೇ ಟಿಕೆಟಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಬ್ರಿಟನ್ನಿನ ಏರ್ ಪ್ಯಾಸೆಂಜರ್ ಡ್ಯೂಟಿ ಅನ್ನೋ ತೆರಿಗೆ ಬೀಳಲ್ಲ. ನೆಂಟರ ಮನೆ ಅಂತ ಅಲ್ಲಿ ನಾಲ್ಕು ದಿನ ಇಳಿದು ಹೊರಟರೆ ಬೀಳುತ್ತೆ, ಮೇಲಿನ ಕ್ಲಾಸಿಗೆ ಎಕಾನಮಿಯ ಎರಡು ಪಟ್ಟಿಗಿಂತ ಹೆಚ್ಚು. ಅಪ್‌ಗ್ರೇಡ್ ಮಾಡಿಸಿದವರೂ ಆ ವ್ಯತ್ಯಾಸ ಕಟ್ಟಬೇಕು.

ದಿನಾಂಕದ ಬಗ್ಗೆ. ನಿಮ್ಮ ತೋಟದ ಲೆಕ್ಕ ಚೆನ್ನಾಗಿಯೇ ಕೂಡಿಬಂದಿದೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ ಇಲ್ಲಿಂದ ಹೋಗೋರು ಕಡಿಮೆ. ಏಪ್ರಿಲ್ ಶುರುವಾದ್ರೆ ಮಕ್ಕಳ ಮನೆಗೆ ಹೋಗೋ ಹಿರಿಯರಿಂದಲೇ ವಿಮಾನ ತುಂಬುತ್ತೆ. ವಾಪಸ್ ಮೇ ಮಧ್ಯ ಅಂದ್ರೆ ಅಲ್ಲಿ ಶಾಲೆ ರಜೆ ಇನ್ನೂ ಸಿಕ್ಕಿರಲ್ಲ. "ಮೊಮ್ಮಗಳ ರಜೆವರೆಗೆ ಇರಿ" ಅಂತ ತಂಗಿ ಜೂನ್‌ಗೆ ಎಳೆದರೆ ಅಪ್‌ಗ್ರೇಡ್ ಸೀಟು ಸಿಗೋದು ಬಹಳ ಕಷ್ಟ. ಮಂಗಳವಾರ, ಬುಧವಾರ ಹೊರಡೋ ವಿಮಾನ ನೋಡಿ.

ಚಿಕ್ಕಮಗಳೂರು ಕಡೆಯವರು ಕೆಲವರು ಚಾರ್ಮಾಡಿ ಇಳಿದು ಮಂಗಳೂರಿಂದ ಗಲ್ಫ್‌ಗೆ ಹೋಗಿ ಅಲ್ಲಿಂದ ಮುಂದೆ ಅಂತ ಯೋಚಿಸ್ತಾರೆ. ದೂರ ಹೋಗೋ ದೊಡ್ಡ ವಿಮಾನ ಮಂಗಳೂರಿಗೆ ಬರಲ್ಲ. ಸಾಮಾನ್ಯವಾಗಿ ಎರಡು ಬೇರೆ ಟಿಕೆಟ್ ಆಗುತ್ತೆ, ಮೊದಲನೆಯದು ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆ ಅಲ್ಲ, ಅಪ್‌ಗ್ರೇಡ್ ಮಾಡಿಸಿದ ಮೈಲ್ಸ್ ಕೂಡ ಮುಳುಗಬಹುದು. ಬೆಂಗಳೂರಿಂದಲೇ ಒಂದೇ ಟಿಕೆಟ್ ಇರಲಿ.

ಗೋಣಿಬೀಡು_ಅರೇಬಿಕಾ

ತುಂಬಾ ಉಪಕಾರ ಆಯ್ತು. ಏಜೆಂಟ್ ಹತ್ರ ಫೇರ್ ಬೇಸಿಸ್ ಕೇಳಿದೆ, ಗ್ರೂಪ್ ಫೇರ್ ಅಂತ ಬಂತು. ಬೇಡ ಅಂದೆ. ಈಗ ಸಿಂಗಪುರ್ ಮೇಲೆ ಪ್ರೀಮಿಯಂ ಎಕಾನಮಿ, ಲೈಟ್ ಅಲ್ಲದ ದರದಲ್ಲಿ ನೋಡ್ತಿದೀನಿ. ಇನ್ನೂ ಮೂರು ಗೊಂದಲ ಉಳಿದಿದೆ. ಉದ್ದದ ಹಾರಾಟಕ್ಕೆ ಇಬ್ಬರಿಗೆ ಅಂತ ಹುಡುಕಿದರೆ ಸೀಟು ಇಲ್ಲ ಅನ್ನುತ್ತೆ, ಒಬ್ಬರಿಗೆ ಅಂತ ಹಾಕಿದರೆ ಇದೆ ಅನ್ನುತ್ತೆ. ಮೈಲ್ಸ್ ಒಂದು ಕಡೆಗೆ ಇಬ್ಬರಿಗೆ ಹಾಕೋದೋ, ಅಮ್ಮನಿಗೆ ಹೋಗ್ತಾ ಬರ್ತಾ ಎರಡೂ ಕಡೆ ಹಾಕೋದೋ? ವಾಟ್ಸಾಪ್ ಗುಂಪೊಂದರಲ್ಲಿ ಒಬ್ಬರು ಕಡಿಮೆ ಬೆಲೆಗೆ ಮೈಲ್ಸ್ ಮಾರ್ತೀನಿ ಅಂತಿದ್ದಾರೆ, ತಗೋಬಹುದಾ?

ಕ್ಯಾಬಿನ್_ಲೆಕ್ಕ

ಮೈಲ್ಸ್ ಮಾರೋರ ಸಹವಾಸ ಖಂಡಿತ ಬೇಡ. ಬಹುತೇಕ ಕಂಪನಿಗಳ ನಿಯಮದಲ್ಲಿ ಹೀಗೆ ಹೊರಗಿನವರ ಹತ್ರ ಮೈಲ್ಸ್ ಮಾರೋದು-ಕೊಳ್ಳೋದು ನಿಷಿದ್ಧ. ಎಷ್ಟೋ ಸಲ ಅದು ಕದ್ದ ಖಾತೆಯ ಮೈಲ್ಸ್. ಗೊತ್ತಾದರೆ ಟಿಕೆಟ್ ರದ್ದು, ಖಾತೆ ಬಂದ್. ಅದು ಗೊತ್ತಾಗೋದು ಅಪ್ಪ-ಅಮ್ಮ ಕೌಂಟರ್ ಮುಂದೆ ನಿಂತಾಗ ಆಗಿರಬಹುದು.

ಇಬ್ಬರಿಗೆ ಇಲ್ಲ, ಒಬ್ಬರಿಗೆ ಇದೆ ಅಂದರೆ ಖಾನೆಯಲ್ಲಿ ಉಳಿದಿರೋದು ಒಂದೇ ಸೀಟು. ಹುಡುಕುವಾಗ ಎಷ್ಟು ಜನ ಅಂತ ಹಾಕ್ತೀರೋ ಅಷ್ಟೂ ಸಿಗದಿದ್ದರೆ ಸೈಟ್ ಶೂನ್ಯ ತೋರಿಸುತ್ತೆ. ಮೊದಲು ಅಮ್ಮನದ್ದು ಖಚಿತ ಮಾಡಿ, ಅಪ್ಪನದ್ದು ವೇಟ್‌ಲಿಸ್ಟಿಗೆ ಹಾಕಿ. ಖಾನೆ ತುಂಬೋ ಹೊತ್ತು ಎರಡು: ವೇಳಾಪಟ್ಟಿ ತೆರೆದಾಗ, ಅಂದ್ರೆ ಹನ್ನೊಂದು-ಹನ್ನೆರಡು ತಿಂಗಳು ಮುಂಚೆ, ಆಮೇಲೆ ಹೊರಡೋಕೆ ಎರಡು ವಾರ ಇದ್ದಾಗಿನಿಂದ ಮೂರು ದಿನದವರೆಗೆ, ದುಡ್ಡಿಗೆ ಇನ್ನು ಹೋಗಲ್ಲ ಅನಿಸಿದ ಸೀಟನ್ನ ಅವರು ಬಿಡೋವಾಗ. ನಡುವಿನ ತಿಂಗಳುಗಳು ಬಹಳ ಮಟ್ಟಿಗೆ ಒಣ. ನೀವು ಈಗ ನಡುವಲ್ಲಿದ್ದೀರಿ, ಕಂಡ ಒಂದು ಸೀಟು ಬಿಡಬೇಡಿ.

ಯಾರಿಗೆ ಅನ್ನೋ ವಿಷಯದಲ್ಲಿ ನನ್ನ ಮನಸ್ಸು ಅಮ್ಮನಿಗೆ ಎರಡೂ ಕಡೆ ಅನ್ನುತ್ತೆ. ತೊಂದರೆ ಇರೋದು ಮಂಡಿಗೆ, ಅದು ಹೋಗುವಾಗಲೂ ಇರುತ್ತೆ, ಬರುವಾಗಲೂ ಇರುತ್ತೆ. ಅಪ್ಪ ಪ್ರೀಮಿಯಂ ಎಕಾನಮಿಯಲ್ಲಿ ದಾರಿ ಬದಿಯ ಸೀಟಲ್ಲಿ ಚೆನ್ನಾಗಿಯೇ ಬರ್ತಾರೆ.

ಹೇಮಾವತಿ_ಹಿನ್ನೀರು

ಇದು ಮನೆಯವರು ಅಮ್ಮನನ್ನ ಕೇಳಿ ತೀರ್ಮಾನ ಮಾಡಬೇಕಾದ್ದು. ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳು ಎಷ್ಟೋ ಜನ ವಿಮಾನದಲ್ಲಿ ಒಬ್ಬರೇ ಕೂರೋಕೆ ಒಪ್ಪಲ್ಲ. ಪರದೆ ಆ ಕಡೆ ಅಪ್ಪ, ಈ ಕಡೆ ಅಮ್ಮ. ಅಪ್ಪ ಮಾತಾಡಿಸೋಕೆ ಮುಂದೆ ಬಂದರೆ ಸಿಬ್ಬಂದಿ ವಾಪಸ್ ಕಳಿಸ್ತಾರೆ. ಗಗನಸಖಿ ಹತ್ರ ನೀರು ಬೇಕು, ಸೀಟು ಮಡಚೋಕೆ ಬರ್ತಿಲ್ಲ ಅಂತ ಇಂಗ್ಲಿಷಲ್ಲಿ ಹೇಳೋಕೆ ಆಗುತ್ತಾ ನೋಡಿ. ಆಗಲ್ಲ ಅಂದ್ರೆ ಇಬ್ಬರೂ ಒಟ್ಟಿಗೆ, ಬರುವಾಗ. ಸಿಂಗಪುರದ ದಾರಿಯಲ್ಲಿ ಅಮೆರಿಕದಿಂದ ಬರುವಾಗ ಎದುರುಗಾಳಿಯಿಂದ ಹಾರಾಟ ಇನ್ನೂ ಉದ್ದ ಆಗುತ್ತೆ. ಇಳಿದ ಮೇಲೆ ಬೆಂಗಳೂರಿಂದ ಮೂಡಿಗೆರೆವರೆಗೆ ಕಾರಲ್ಲಿ ಕಾಲು ಮಡಚಿ ಕೂರೋದೂ ಬಾಕಿ ಇರುತ್ತೆ.

ಒಟ್ಟಿಗೆ ಅಂದ್ರೆ ಸೀಟಿನ ಜೋಡಣೆ ನೋಡಿ. 1-2-1 (ಕಿಟಕಿ ಬದಿ ಒಂದೊಂದು, ಮಧ್ಯೆ ಎರಡು) ಇದ್ದರೆ ಮಧ್ಯದ ಎರಡು ತಗೊಳ್ಳಿ, ಕಿಟಕಿ ಬದಿ ಕೊಟ್ಟರೆ ಇಬ್ಬರೂ ಬೇರೆ ಬೇರೆ ಗೂಡಲ್ಲಿ ಕೂತ ಹಾಗಾಗುತ್ತೆ. ಅಮ್ಮನ ಕಾಲು ಚಾಚೋಕೆ ಮೊದಲ ಸಾಲಿನ ಸೀಟು ಹೆಚ್ಚಿನ ವಿಮಾನಗಳಲ್ಲಿ ಅನುಕೂಲ, ಪಾದ ಇಡೋ ಜಾಗ ಅಗಲ ಇರುತ್ತೆ.

ಪಾಯಿಂಟ್ಸ್_ಪುಸ್ತಕ

ಅಪ್ಪನ ವೇಟ್‌ಲಿಸ್ಟ್ ಆಗದೇ ಇದ್ದರೆ ಕೊನೇ ವಾರದಲ್ಲಿ ಏರ್‌ಲೈನ್‌ನಿಂದ ದುಡ್ಡಿನ ಆಫರ್ ಇಮೇಲ್ ಬರಬಹುದು, ಒಂದು ನಿಗದಿ ಬೆಲೆ ಅಥವಾ ಬಿಡ್ (ಇಷ್ಟು ಕೊಡ್ತೀನಿ ಅಂತ ನೀವೇ ಬೆಲೆ ಹೇಳೋದು). ಬಿಡ್ ಹಾಕೋ ಮೊತ್ತ ಒಬ್ಬರಿಗೋ ಇಬ್ಬರಿಗೋ, ಒಂದು ಹಾರಾಟಕ್ಕೋ ಪೂರ್ತಿಗೋ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಎಕಾನಮಿ ಬಿಟ್ಟು ಮೇಲಿನ ಯಾವ ಕ್ಲಾಸಿಗಾದರೂ ಜಿಎಸ್‌ಟಿ 22 ಸೆಪ್ಟೆಂಬರ್ 2025ರಿಂದ 18%, ಮೊದಲು 12% ಇತ್ತು, ಎಕಾನಮಿಗೆ 5%. ಕಾಣೋ ಬೆಲೆಗೆ ಅದು ಸೇರಿದೆಯಾ ನೋಡಿ. ಬಿಡ್‌ನಲ್ಲಿ ಬಂದವರಿಗೆ ಕೆಲವು ಕಂಪನಿಗಳು ಲೌಂಜ್, ಹೆಚ್ಚಿನ ಲಗೇಜ್ ಕೊಡಲ್ಲ. ಉಪ್ಪಿನಕಾಯಿ, ಕಾಫಿಪುಡಿ, ಹಪ್ಪಳ ಅಂತ ಲಗೇಜ್ ತೂಕ ಬಿಸಿನೆಸ್ ಲೆಕ್ಕಕ್ಕೆ ಕಟ್ಟಿಕೊಂಡು ಹೋಗಿ ಕೌಂಟರ್‌ನಲ್ಲಿ ಬಿಚ್ಚೋ ಹಾಗಾಗಬಾರದು. ಮೈಲ್ಸ್ ಅಪ್‌ಗ್ರೇಡಿಗೂ ಹೊಸ ಟಿಕೆಟ್ ಮೇಲೆ ಎಷ್ಟು ಕಿಲೋ, ಎಷ್ಟು ಚೀಲ ಅಂತ ಅಚ್ಚಾಗಿದೆಯೋ ಅಷ್ಟೇ ನಂಬಿ.

ಬಿಎಂ_ರೋಡ್_ಟಿಕೆಟಿಂಗ್

ಅಪ್‌ಗ್ರೇಡ್ ಖಚಿತ ಆದ ಮೇಲಿನ ಕೆಲಸವನ್ನೇ ಬಹಳ ಜನ ಬಿಟ್ಟುಬಿಡ್ತಾರೆ. ಅದನ್ನ ಹೇಳಿ ಮುಗಿಸ್ತೀನಿ.

ಪಿಎನ್‌ಆರ್‌ನಲ್ಲಿ ಬಿಸಿನೆಸ್ ಅಂತ ಕಂಡರೆ ಸಾಲದು, ಟಿಕೆಟ್ ಹೊಸದಾಗಿ ಹೊರಡಬೇಕು. ಬುಕಿಂಗ್ ಮಾತ್ರ ಬಿಸಿನೆಸ್‌ಗೆ ಬದಲಾಗಿದ್ದು, ಟಿಕೆಟ್ ಹಳೇದೇ ಉಳಿದರೆ ಚೆಕ್-ಇನ್ ವೇಳೆ ಸಿಸ್ಟಮ್ ತಡೆಯುತ್ತೆ. ಒಂದು ದಿನದೊಳಗೆ ಹೊಸ ಇ-ಟಿಕೆಟ್ ಬರದಿದ್ದರೆ ಫೋನ್ ಮಾಡಿ "ಟಿಕೆಟ್ ರೀ-ಇಶ್ಯೂ ಆಗಿದೆಯಾ, ಎಲ್ಲಾ ಸೆಕ್ಟರ್ ಓಪನ್ ಇದೆಯಾ" ಅಂತ ಕೇಳಿ. ಏಜೆಂಟ್ ಮಾಡಿದ ಟಿಕೆಟಾದ್ರೆ ಅವರಿಗೂ ತಿಳಿಸಿ. ಅಪ್‌ಗ್ರೇಡ್ ಆದ ಟಿಕೆಟಿನ ದಿನಾಂಕ ಆಮೇಲೆ ಅವರಿಂದ ಬದಲಾಯಿಸೋಕಾಗಲ್ಲ, ಏರ್‌ಲೈನ್ ಮೂಲಕವೇ ಆಗಬೇಕು.

ಟಿಕೆಟ್ ಹೊಸದಾದಾಗ ಮೊದಲು ಹಾಕಿಸಿದ ಸೀಟು, ಊಟ, ವೀಲ್‌ಚೇರ್ ಬಿದ್ದುಹೋಗಬಹುದು. ಮೂರೂ ಮತ್ತೆ ಹಾಕಿಸಿ. ಮೊಟ್ಟೆಯೂ ಬೇಡ ಅನ್ನೋ ಸಸ್ಯಾಹಾರಿಗಳಿಗೆ ನಮ್ಮ ರುಚಿಯ ಊಟದ ಕೋಡ್ ಎವಿಎಂಎಲ್. ವಿಎಲ್‌ಎಂಎಲ್ ಹಾಕಿದರೆ ಅದರಲ್ಲಿ ಮೊಟ್ಟೆ ಇರಬಹುದು. ಮಂಡಿ ನೋವಿನವರಿಗೆ ವೀಲ್‌ಚೇರ್ ಕೋಡ್ ಸಾಮಾನ್ಯವಾಗಿ ಡಬ್ಲ್ಯೂಸಿಎಚ್‌ಆರ್, ಅಂದ್ರೆ ದೂರ ನಡೆಯೋಕಾಗಲ್ಲ, ಮೆಟ್ಟಿಲು ಹತ್ತಬಲ್ಲರು. ಮೆಟ್ಟಿಲೂ ಆಗಲ್ಲ ಅಂದ್ರೆ ಡಬ್ಲ್ಯೂಸಿಎಚ್‌ಎಸ್. ಇದನ್ನ ಸಿಂಗಪುರದ ತುಂಡಿಗೂ ಮುಂದಿನದಕ್ಕೂ ಎರಡಕ್ಕೂ ಹಾಕಿಸಬೇಕು. ಒಂದಕ್ಕೆ ಹಾಕಿ ಬಿಟ್ಟರೆ ಸಿಂಗಪುರದಲ್ಲಿ ಇಳಿದು ಯಾರೂ ಇಲ್ಲದೆ ನಿಂತಿರ್ತಾರೆ. ವೀಲ್‌ಚೇರ್‌ಗೆ ಬಿಸಿನೆಸ್ ಬೇಕಿಲ್ಲ, ಎಲ್ಲ ಕ್ಲಾಸಿಗೂ ಇದೆ.

ವಿಮಾನ ಬದಲಾಗಿ ಬಿಸಿನೆಸ್ ಸೀಟು ಕಡಿಮೆ ಆದರೆ ಕೆಳಗಿಳಿಸ್ತಾರೆ, ಮೈಲ್ಸ್ ಮೇಲೆ ಬಂದವರನ್ನ ಮೊದಲು ಇಳಿಸೋ ಸಾಧ್ಯತೆ ಇದೆ. ಆಗ ಮೈಲ್ಸ್ ಮತ್ತು ಕಟ್ಟಿದ ತೆರಿಗೆ ವ್ಯತ್ಯಾಸ ಎರಡೂ ವಾಪಸ್ ಕೇಳಿ. ಬಲವಂತವಾಗಿ ಕೆಳಗಿನ ಕ್ಲಾಸಿಗೆ ಹಾಕಿದರೆ ಟಿಕೆಟ್ ಬೆಲೆಯ ಒಂದು ಪಾಲು ಕೊಡಬೇಕು ಅಂತ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ನಿಯಂತ್ರಕರು) ನಿಯಮ ಫೆಬ್ರವರಿ 2023ರಿಂದ ಇದೆ. ಅಂತರರಾಷ್ಟ್ರೀಯ ಹಾರಾಟಕ್ಕೆ 1,500 ಕಿ.ಮೀ.ವರೆಗೆ 30%, 3,500ರವರೆಗೆ 50%, ಅದರ ಮೇಲೆ 75%. ಮೈಲ್ಸ್ ಅಪ್‌ಗ್ರೇಡಿಗೆ ಎಷ್ಟು ಅಂತ ಕಂಪನಿ ವಾದ ಮಾಡಬಹುದು. ಬಿಸಿನೆಸ್ ಅಂತ ಅಚ್ಚಾದ ಹೊಸ ಟಿಕೆಟ್, ಕೌಂಟರ್‌ನಲ್ಲಿ ಕೊಟ್ಟ ಬೋರ್ಡಿಂಗ್ ಪಾಸ್ ಎರಡೂ ಎತ್ತಿಟ್ಟುಕೊಂಡರೆ ಕೇಳೋಕೆ ಆಧಾರ ಇರುತ್ತೆ.

ಹೊರಡೋಕೆ 48 ಗಂಟೆ ಮುಂಚೆ ಅಪ್ಪನ ವೇಟ್‌ಲಿಸ್ಟ್ ನೋಡಿ ಫೋನ್ ಮಾಡಿ. ಮೂಡಿಗೆರೆಯಿಂದ ವಿಮಾನ ನಿಲ್ದಾಣಕ್ಕೆ ಹಾಸನ, ನೆಲಮಂಗಲ ದಾಟಿ ಹೋಗೋ ದಾರಿಯಲ್ಲಿ ನೆಟ್‌ವರ್ಕ್ ಎಲ್ಲಾ ಕಡೆ ಚೆನ್ನಾಗಿ ಸಿಗಲ್ಲ, ಒಟಿಪಿ ನಿಮ್ಮ ಮತ್ತು ತಂಗಿಯ ಮೊಬೈಲಿಗೆ ಬರುತ್ತೆ, ತಂಗಿ ಇರೋ ಕಡೆ ಆಗ ರಾತ್ರಿ. ಮನೆಯಿಂದ ಹೊರಡೋ ಮುಂಚೆಯೇ ಈ ಕೆಲಸ ಮುಗಿಸಿ. ಹೊಸ ಟಿಕೆಟ್ ಪ್ರಿಂಟ್ ಎರಡು ಪ್ರತಿ ತೆಗೆದು ಒಂದು ಅಪ್ಪನ ಜೇಬಲ್ಲಿ, ಒಂದು ಅಮ್ಮನ ಕೈಚೀಲದಲ್ಲಿ ಇಡಿ.